ತಾಯಿ ಇಟ್ಟ ಹೆಸರು

ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆದು ಊಟಕ್ಕೆ ಕೂರಿಸುವುದು ನಮ್ಮಲ್ಲಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನದ ಕ್ರಮ. ಮಾನಸಿಯನ್ನು ಕರೆಯುವ ದಿನ ನನಗಿದ್ದದ್ದು ಒಂದೇ ಹೆದರಿಕೆ: ಬಂದವಳು ಮಗುವನ್ನೂ ಕರೆದುಕೊಂಡು ಹೋದರೆ? ಹೆತ್ತ ಮಗಳ ಬಗ್ಗೆ ಹೀಗೆ ಯೋಚಿಸಿದ ತಾಯಿ ನಾನು. ಹೆರಿಗೆಯಲ್ಲಿ ಸತ್ತವಳು ಕೂಸಿಗಾಗಿ ಬಂದೇ ಬರುತ್ತಾಳೆ ಎಂದು ಉಡುಪಿಯ ನಮ್ಮ ಹಿರಿಯರು ಹೇಳುವುದನ್ನು ಕೇಳಿಯೇ ಬೆಳೆದಿದ್ದೆ. ಥಾಣೆಗೆ ಬಂದು ಮೂರನೇ ಮಹಡಿಯಲ್ಲಿ ಮನೆ ಮಾಡಿದರೂ ಆ ಹೆದರಿಕೆ ಬೆನ್ನು ಬಿಟ್ಟಿರಲಿಲ್ಲ.

ಕಬ್ಬಿಣವಿದ್ದಲ್ಲಿ ಸತ್ತವರು ಹತ್ತಿರ ಬರುವುದಿಲ್ಲವೆಂದು ತೊಟ್ಟಿಲ ಅಡಿಯಲ್ಲಿ ಅಡಕತ್ತರಿ ಇಟ್ಟಿದ್ದೆ. ಮಗುವಿಗೆ ಇನ್ನೂ ಹೆಸರಿರಲಿಲ್ಲ. ಹೆಸರಿಡಬೇಕಾದ ಅಪ್ಪ, ನನ್ನ ಅಳಿಯ ಹಿತೇಶ, ಅದನ್ನು ಮುಟ್ಟಿಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ಗಂಡು ಮಗು ಎಂದಾಗ ಮಾನಸಿ, "ಇವ ನನ್ನ ಸಂಕಟ" ಎಂದವಳು ಮತ್ತೆ ಮಾತಾಡಲಿಲ್ಲ.

"ಅವಳೇ ಹೆಸರಿಟ್ಟು ಹೋದಳಲ್ಲ ಮಾಮಿ, ಇನ್ನು ನಾನೇನು ಇಡುದು?" ಎನ್ನುತ್ತಿದ್ದ ಹಿತೇಶ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರೂ ತನ್ನದೆನ್ನದ ಮಗುವನ್ನು ಎತ್ತಿಕೊಂಡು ಹೋಗಲು ಸತ್ತವರಿಗೆ ಎಷ್ಟು ಹೊತ್ತು ಬೇಕು?

ಆ ಮಧ್ಯಾಹ್ನ ಪಕ್ಕದ ಮನೆಯ ರಿಬಕಾಬಾಯಿ ಬಂದಳು. ಥಾಣೆಯಲ್ಲೇ ಹುಟ್ಟಿದ ಯಹೂದಿ ಹೆಂಗಸು, ಮರಾಠಿಯಲ್ಲಿ ಜಗಳಕ್ಕೆ ನಿಂತರೆ ತರಕಾರಿಯವನೂ ಗಾಡಿ ತಳ್ಳಿಕೊಂಡು ಹೋಗಬೇಕು. ಹಿತೇಶನ ಮಾತು ಕೇಳಿ ತನ್ನ ಧರ್ಮಗ್ರಂಥದ ರಾಹೇಲಳ ಕತೆ ಹೇಳಿದಳು. ರಾಹೇಲ ಪ್ರಯಾಣದ ದಾರಿಯಲ್ಲಿ ಹೆತ್ತು, ಪ್ರಾಣ ಹೋಗುವಾಗ ಮಗುವನ್ನು ಬೆನೋನಿ ಎಂದು ಕರೆದಳಂತೆ. ನನ್ನ ದುಃಖದ ಮಗ ಎಂದರ್ಥ. ಗಂಡ ಯಾಕೋಬ ಅದನ್ನು ಒಪ್ಪದೆ ಬೆನ್ಯಾಮೀನ ಎಂದನಂತೆ, ಬಲಗೈಯ ಮಗ.

"ಮತ್ತೆ ಅಮ್ಮ ಇಟ್ಟ ಹೆಸರು ಕ್ಯಾನ್ಸಲ್ಲಾ?" ಹಿತೇಶ ಕೇಳಿದ.

"ನಾಹಿ ರೇ. ಅದೂ ಗ್ರಂಥದಲ್ಲೇ ಬರ್ದಿದೆ. ಸಾಯೋಳ ಮಾತನ್ನ ಯಾರೂ ಅಳಿಸ್ಲಿಲ್ಲ. ಆದ್ರೆ ಅವಳನ್ನ ಅಲ್ಲೇ ಮಣ್ಣು ಮಾಡಿ, ಮಗೂನ ಕರ್ಕೊಂಡು ಮುಂದೆ ಹೋಗಿದ್ದು ಅಪ್ಪ."

ಹಿತೇಶ ಎದ್ದು ಹೋದ.

ಸಂಜೆ ಒಳಗಿನ ಕೋಣೆಯಲ್ಲಿ ಎಲೆ ಹಾಕಿ ಮಾನಸಿಗೆ ಇಷ್ಟದ ಪತ್ರೊಡೆ ಬಡಿಸಿದೆವು. ಸತ್ತವಳ ಗಂಡ ಹೊಸಿಲಲ್ಲಿ ನಿಂತು ಕರೆಯಬೇಕು. ಬಾಗಿಲಿನಿಂದ ಎಲೆಯವರೆಗೆ ಉಳಿದವರು ದಾರಿ ಬಿಟ್ಟು ನಿಲ್ಲಬೇಕು. ಹಿತೇಶ ಮುಂಬಾಗಿಲು ತೆರೆದು ಹೊಸಿಲಲ್ಲಿ ನಿಂತ, ಕರೆಯಲಿಲ್ಲ.

ಆಗ ಲಿಫ್ಟ್ ಮೇಲೆ ಬಂತು. ನಮ್ಮ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಅಳುತ್ತಿದ್ದ ಮಗು ಥಟ್ಟನೆ ಸುಮ್ಮನಾಗಿ ಆ ಕಡೆಗೇ ಕಣ್ಣು ನೆಟ್ಟಿತು. ನಾನು ಹೋಗಿ ತೊಟ್ಟಿಲಿಗೆ ಅಡ್ಡ ನಿಂತೆ.

ಹಿತೇಶ ತಿರುಗಿ ಬಂದು, ನನ್ನನ್ನು ಸರಿಸಿ, ಮಗುವನ್ನು ಎತ್ತಿಕೊಂಡ. ಎತ್ತಿ ಅಭ್ಯಾಸವಿಲ್ಲದ ಅವನ ಕೈಯಲ್ಲಿ ಅದರ ಕತ್ತು ವಾಲಿತು. ಸರಿಮಾಡಿಕೊಂಡು ಹೊಸಿಲಿಗೆ ಹೋದ.

"ಮಾನಸಿ, ಉಲಾಯಿ ಬಲ," ಎಂದು ತುಳುವಿನಲ್ಲಿ ಒಳಗೆ ಕರೆದ. "ಬಾ, ಊಟ ಮಾಡು. ನಿನ್ನ ಮಗ ನನ್ನ ಕೈಯಲ್ಲಿದ್ದಾನೆ. ಇವನನ್ನು ಮಾತ್ರ ಕೇಳ್ಬೇಡ. ನಾನು ಕೊಡುದಿಲ್ಲ."

ಎಲ್ಲರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ನನ್ನ ಗಂಡ ಮುಂಡಪ್ಪ, "ಜಯಾ, ಆಚೆ ಸರಿ. ಅವಳು ಬರ್ಲಿ" ಎಂದರು.

ನಾನು ಸರಿಯಲಿಲ್ಲ. ಮಗುವಿಗೆ ಅದರ ಅಪ್ಪ ಸಿಕ್ಕಿದ್ದ. ನನಗೆ ಈಗ ನನ್ನ ಮಗಳು ಬೇಕಾಗಿದ್ದಳು. ಎಲೆಯ ಬಳಿ ಹೋಗುವುದಿದ್ದರೆ ನನ್ನನ್ನು ಮುಟ್ಟಿಯೇ ಹೋಗಲಿ ಎಂದು ಅವಳ ದಾರಿಯ ನಡುವೆ ನಿಂತೆ.