ಪಾಳಿಯವನ ನಿದ್ದೆ

ಅಜಿಂಕ್ಯ ರಾತ್ರಿ ಪಾಳಿ ಮುಗಿಸಿ ಬಂದು ಮಹಡಿಯ ಕೋಣೆಯ ಬೀಗ ತೆಗೆಯುತ್ತಿದ್ದಾಗ ಮನೆಯೊಡತಿ ಶಾಕಿರಾ ಬೇಗಂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೋಣೆ ಖಾಲಿ ಮಾಡುತ್ತೇನೆಂದು ಇವತ್ತು ಹೇಳಿಯೇ ಬಿಡಬೇಕೆಂದು ಅವನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅಷ್ಟರಲ್ಲಿ ಅವರೇ ಬಾಯಿ ತೆರೆದರು.

“ಬೇಟಾ, ನಾಳಿ ನಮ್ಮ ಮಗಳು ಅತಿಯಾಳ ಹಲ್ದಿ ಅದ, ಅರಿಸಿನ ಹಚ್ಚೋದು. ಹೆಣ್ಮಕ್ಕಳು ಮುಂಜಾನಿಂದಲೇ ಢೋಲಕ್ ಬಾರಸ್ತಾರ, ಹಾಡ್ತಾರ. ನಿಮ್ಮ ನಿದ್ದಿ ಖರಾಬ್ ಆಗ್ತದಂತ ನನಗ ಅದೇ ಫಿಕರ್ ಆಗ್ಯಾದ.”

“ಮದುವಿ ಮನಿ ಅಂದಮ್ಯಾಲ ಗದ್ದಲ ಇರೋದೇ ಅಲ್ರಿ ಖಾಲಾ.”

“ಹಂಗಲ್ಲ. ನೀವ್ ಬಂದಾಗಿಂದ ಹಗಲೊತ್ತು ಈ ಗಲ್ಲಿಯಾಗ ಯಾರಿಗೂ ದನಿ ಎತ್ಲಾಕ ಬಿಟ್ಟಿಲ್ಲ ನಾ. ತರಕಾರಿ ಸುಭಾನಗ ಮೂಲಿಯಾಗೇ ನಿಂದ್ರು ಅಂದೀನಿ. ಹುಡುಗರಿಗಿ ಆಟ ಆಡ್ಲಾಕ ಆಚಿ ಬಯಲಿಗಿ ಕಳಸ್ತೇನಿ. ನಮ್ಮ ಮನ್ಯಾಗ ಮಸಾಲಿ ಕುಟ್ಟೋದು ಸುದ್ದ ಸಂಜಿಗೇ. ರಾತ್ರಿಯೆಲ್ಲ ದುಡಿದು ಬರೋರಿಗಿ ಹಗಲಾದ್ರೂ ಆರಾಮ ಬ್ಯಾಡೇನ್ರಿ?”

ತನ್ನೂರು ಭಾಲ್ಕಿಯಿಂದ ಬೀದರಿಗೆ ಬಂದಾಗಿನಿಂದಲೂ ಈ ಗಲ್ಲಿ ಹುಟ್ಟಾ ಶಾಂತವೆಂದೇ ಅಜಿಂಕ್ಯ ತಿಳಿದಿದ್ದ. ಇಷ್ಟೆಲ್ಲ ಜನ ತನಗಾಗಿ ದನಿ ತಗ್ಗಿಸಿಕೊಂಡಿದ್ದರೂ ತನಗೆ ನಿದ್ದೆಯೇ ಹತ್ತುತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೋಣೆ ಬಿಡುವ ಮಾತು ಎತ್ತದೆಯೇ ಅವನು ಒಳಗೆ ಹೋದ.

ಬೀದರಿನ ಹೊರವಲಯದ ಡೇಟಾ ಸೆಂಟರಿನಲ್ಲಿ ಅವನು ನಿರ್ವಹಣಾ ಇಂಜಿನಿಯರ್. ಸಾಲುಸಾಲು ಕಂಪ್ಯೂಟರುಗಳಿಗೆ ಕರೆಂಟೂ ತಣ್ಣನೆಯ ಗಾಳಿಯೂ ಒಂದು ಗಳಿಗೆ ತಪ್ಪದಂತೆ ನೋಡಿಕೊಳ್ಳುವುದು ಅವನ ಕೆಲಸ. ಹಿಂದಿನ ವಾರ ಕುರ್ಚಿಯಲ್ಲೇ ಜೋಂಪು ಹತ್ತಿ, ಒಂದು ಎಸಿ ನಿಂತದ್ದು ಅವನಿಗೆ ಗೊತ್ತೇ ಆಗಲಿಲ್ಲ. ಜೊತೆಗಾರ ಓಡಿಬಂದು ಇನ್ನೊಂದನ್ನು ಚಾಲೂ ಮಾಡಿದ್ದರಿಂದ ಅನಾಹುತ ತಪ್ಪಿತು. ಹಿರಿಯ ಇಂಜಿನಿಯರ್ ದತ್ತಾತ್ರೇಯ ಬೈಯಲಿಲ್ಲ. “ಮತ್ತೊಮ್ಮಿ ಹಿಂಗಾದ್ರ ನಿನಗ ಉಳಸ್ಲಾಕ ನನ್ನ ಕೈಲೇ ಆಗಂಗಿಲ್ಲ ತಮ್ಮಾ” ಎಂದಷ್ಟೇ ಹೇಳಿದರು. ರಾತ್ರಿ ಕೆಲಸ ತನ್ನ ಮೈಗೆ ಒಗ್ಗುವುದಿಲ್ಲ, ಬಿಟ್ಟು ಭಾಲ್ಕಿಗೆ ಹೋಗಿಬಿಡಬೇಕು ಎಂದು ಅವನು ಅಂದೇ ನಿಶ್ಚಯಿಸಿದ್ದ.

ಮರುದಿನ ಬೆಳಿಗ್ಗೆ ಅವನು ಮಲಗುವಷ್ಟರಲ್ಲಿ ಅಂಗಳದಲ್ಲಿ ಢೋಲಕ್ ಶುರುವಾಯಿತು. ಬೀಗರ ಕಾಲೆಳೆಯುವ ಹಾಡು, ನಗು, ಪಾತ್ರೆಗಳ ಸದ್ದು, ಯಾವುದೋ ಕೂಸಿನ ಅಳು. ಇಂದಂತೂ ಮುಗಿಯಿತು ಎಂದುಕೊಂಡು ಅವನು ಹೊದಿಕೆ ಎಳೆದುಕೊಂಡ.

ಮಧ್ಯಾಹ್ನ ಶಾಕಿರಾ ಬೇಗಂ ಖಬೂಲಿ ಅನ್ನದ ತಟ್ಟೆ ಹಿಡಿದು ಮೇಲೆ ಬಂದರು. ಬಾಗಿಲು ಅರ್ಧ ತೆರೆದಿತ್ತು. ಅಜಿಂಕ್ಯ ಬಾಯಿ ತೆರೆದು, ಒಂದು ಕಾಲು ಮಂಚದಿಂದ ಇಳಿಬಿಟ್ಟು ಗೊರಕೆ ಹೊಡೆಯುತ್ತಿದ್ದ. ಅವರು ತಟ್ಟೆಯೊಡನೆ ಹಾಗೇ ಕೆಳಗಿಳಿದು, ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದರು. ಢೋಲಕ್ ನಿಂತಿತು.

ಮೇಲೆ ದಡಬಡ ಸದ್ದಾಯಿತು. ಅಜಿಂಕ್ಯ ಕೆದರಿದ ತಲೆಯಲ್ಲಿ, ಬರಿಗಾಲಲ್ಲಿ ಮೆಟ್ಟಿಲಿಳಿದು ಅಂಗಳಕ್ಕೆ ಬಂದ. “ಏನ್ ಕೆಟ್ಟದರಿ? ಯಾಕ ನಿಂತದ?”

ಅರಿಸಿನ ಬಳಿದುಕೊಂಡ ಹೆಂಗಸರೆಲ್ಲ ಅವನನ್ನೇ ನೋಡಿದರು. ಆಗ ಅವನಿಗೆ ಪೂರ್ತಿ ಎಚ್ಚರವಾಯಿತು. ಎಷ್ಟೋ ತಿಂಗಳ ಮೇಲೆ ತಾನು ನಿದ್ದೆ ಮಾಡಿದ್ದೂ ತಿಳಿಯಿತು.

“ನಿಲ್ಲಸಬ್ಯಾಡ್ರಿ ಖಾಲಾ,” ಎಂದ ತಲೆ ತಗ್ಗಿಸಿ. “ನಮ್ಮ ಕೆಲಸದಾಗ ರಾತ್ರಿಯೆಲ್ಲ ಫ್ಯಾನ್ ಭೋರಂತಾವ. ಸಪ್ಪಳ ನಿಂತ್ರ ಏನೋ ಕೆಟ್ಟದಂತ ಲೆಕ್ಕ. ಇಲ್ಲಿ ಸುಮ್ಮನಿದ್ರ ಏನ್ ಕೆಟ್ಟದೋ ಅಂತ ಕಿವಿ ಕಾಯ್ತಾನೇ ಇರ್ತಾವ್ರಿ. ಇವತ್ತೇ ನೋಡ್ರಿ ಕಣ್ತುಂಬ ನಿದ್ದಿ ಬಂದದ್ದು.”

“ಹಾಯ್ ಅಲ್ಲಾ! ಇಷ್ಟು ದಿನ ನಾವೇ ನಿಮ್ಮ ನಿದ್ದಿ ಕೆಡಸೀವಾ?”

ಅಂಗಳವೆಲ್ಲ ನಗೆಯಲ್ಲಿ ಮುಳುಗಿತು. ಮದುಮಗಳು ಅತಿಯಾ ಹಳದಿ ಕೈಗಳಿಂದಲೇ ಢೋಲಕ್ ಎಳೆದುಕೊಂಡು, “ಹೋಗ್ರಿ ಭಾಯಿ, ಮಲ್ಕೋರಿ. ಇನ್ನ ಜೋರ್ ಬಾರಸ್ತೇನಿ” ಎಂದಳು.

ಭಾಲ್ಕಿಗೆ ಹೋಗುವ ಯೋಚನೆ ಅಲ್ಲೇ ಬಿಟ್ಟು ಅವನು ಮೇಲೆ ಹೋದ. ಹಾಡು ಮತ್ತೆ ಎದ್ದಿತು. ಶಾಕಿರಾ ಬೇಗಂ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಮೆಟ್ಟಿಲ ಮೇಲಿಟ್ಟರು. ಮಂಡಿ ಹಿಡಿದುಕೊಂಡು ಮೆಲ್ಲಗೆ ಹೆಂಗಸರ ನಡುವೆ ಕುಳಿತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟತೊಡಗಿದರು.