ನಾಲ್ಕು ಬೆರಳು ಎಡಕ್ಕೆ

ಐವತ್ತೇಳು ವರ್ಷದ ಗಂಡಸು, ಎರಡು ಸಲ ಮಂಡಿ ಕುಯ್ಯಿಸಿಕೊಂಡವನು, ಓಕ್ ಮರಕ್ಕೆ ಹದಿನೆಂಟು ಅಡಿ ಎತ್ತರದಲ್ಲಿ ಕಟ್ಟಿದ ಅಟ್ಟಣೆಯ ಮೇಲೆ ನಿಂತು ಕೆಳಗೆ ಬಿದ್ದಿರುವ ಏಣಿಯನ್ನು ನೋಡುತ್ತಿದ್ದರೆ ಬಾಯಲ್ಲಿ ಎಂತೆಂಥ ಮಾತು ಬರುತ್ತದೆಂದು ನಮ್ಮ ಪಾದ್ರಿಗಳ ಮುಂದೆ ಹೇಳುವ ಹಾಗಿಲ್ಲ. ಎಲ್ಲವೂ ಬಂತು. ಏಣಿಯನ್ನು ಮರಕ್ಕೆ ಬಿಗಿಯಬೇಕೆಂದು ಗೊತ್ತಿಲ್ಲದವನೇನಲ್ಲ ನಾನು. ಆರು ಬಾಣ ಬಿಟ್ಟು ಇಳಿಯುವುದಕ್ಕೆ ಯಾರು ಬಿಗಿಯುತ್ತಾರೆ ಎಂಬ ಸೋಮಾರಿತನ, ಅಷ್ಟೇ. ತಿರುಗುವಾಗ ಬೂಟು ತಗುಲಿತು. ಏಣಿ ನಿಧಾನವಾಗಿ ಪಕ್ಕಕ್ಕೆ ವಾಲಿ ಹುಲ್ಲಿನಲ್ಲಿ ಮಲಗಿತು.

ಫೋನು ಗಾಡಿಯಲ್ಲಿ. ಹೆಂಡತಿ ಕ್ಯಾರಲೀ ಚೀಸ್ ಫ್ಯಾಕ್ಟರಿಯಲ್ಲಿ, ಬರುವುದು ಸಂಜೆ ಆರಕ್ಕೆ. ನನ್ನನ್ನು ಮರಕ್ಕೆ ಸೇರಿಸಿ ಕಟ್ಟಿದ ಪಟ್ಟಿ ಇದ್ದುದರಿಂದ ಬಿದ್ದು ಸಾಯುವ ಭಯವಿರಲಿಲ್ಲ, ಇಳಿಯುವ ದಾರಿಯೂ ಇರಲಿಲ್ಲ. ಹಾರಿದರೆ ಮಂಡಿ ಹೋಗುತ್ತದೆ. ಕಾಂಡ ತಬ್ಬಿಕೊಂಡು ಜಾರೋಣವೆಂದರೆ ಅದು ನನ್ನ ಎರಡು ತೋಳಿಗೆ ಸಿಗುವ ಮರವಲ್ಲ.

ಶನಿವಾರ ಜಿಂಕೆಯ ಬಿಲ್ಲುಬೇಟೆಯ ಕಾಲ ಶುರು. ನೆಲದ ಮೇಲೆ ನಿಂತು ಬಿಟ್ಟಾಗ ಸರಿಯಾಗಿ ಬೀಳುವ ಬಾಣ ಮರದ ಮೇಲಿಂದ ಬೇರೆ ಕಡೆ ಬೀಳುತ್ತದೆ. ಅದಕ್ಕೇ ಕೂರುವ ಮರದಿಂದಲೇ ಗುರಿ ಸರಿಮಾಡಿಕೊಳ್ಳಬೇಕು. ಇಪ್ಪತ್ತೈದು ಗಜ ದೂರದಲ್ಲಿ ಗುರಿಗೆಂದು ಫೋಮಿನ ದಿಂಡು ಇಟ್ಟು ಹತ್ತಿದ್ದೆ. ಸಾದಾ ಮೊನೆಯ ಮೂರು ಬಾಣ ನಟ್ಟ ನಡುವೆ ಕಚ್ಚಿದವು. ಆಮೇಲೆ ಬೇಟೆಗೆಂದು ಇಟ್ಟ ಅಲಗಿನ ಮೊನೆಯ ಮೂರು ಬಾಣ ಬಿಟ್ಟೆ. ಮೂರೂ ಒಟ್ಟಿಗೆ, ನಾಲ್ಕು ಬೆರಳು ಎಡಕ್ಕೆ. ಬಿಲ್ಲು ಹದ ತಪ್ಪಿದರೆ ಬಾಣ ಸೊಟ್ಟಗೆ ಹೊರಡುತ್ತದೆ. ಸಾದಾ ಮೊನೆ ಆ ಸೊಟ್ಟನ್ನು ಮುಚ್ಚಿಡುತ್ತದೆ, ಅಲಗು ಗಾಳಿ ಹಿಡಿದು ಬಯಲು ಮಾಡುತ್ತದೆ.

ಬಿಲ್ಲು ಹದ ಮಾಡುವುದರಲ್ಲಿ ಈ ಸೀಮೆಗೆಲ್ಲ ಒಬ್ಬಳೇ, ನನ್ನ ಅಕ್ಕ ಆರ್ಡಿಸ್. ತನ್ನ ಗ್ಯಾರೇಜಿನಲ್ಲೇ ಬಿಲ್ಲಿನಂಗಡಿ ಇಟ್ಟಿದ್ದಾಳೆ. ಹೋದ ವರ್ಷ ಆಗಸ್ಟಿನಲ್ಲಿ ಸರ್ವೆಯವನು ಬಂದು ಅಪ್ಪನ ಎಂಬತ್ತು ಎಕರೆಯನ್ನು ಎರಡು ಪಾಲು ಮಾಡಿ, ಈ ಓಕ್ ಮರ ಆರು ಹೆಜ್ಜೆ ಅವಳ ಕಡೆಗೆ ಬೀಳುತ್ತದೆ ಎಂದ ದಿನದಿಂದ ನಾನು ಆ ಅಂಗಡಿ ತುಳಿದಿಲ್ಲ. ಬಿಲ್ಲನ್ನು ನಾನೇ ಬಿಚ್ಚಿದೆ, ನಾನೇ ಕಟ್ಟಿದೆ. ಅವಳೂ ನವೆಂಬರಿನಿಂದ ಮಾತು ಬಿಟ್ಟಳು. ಚರ್ಚಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂತರೂ ಗೋಡೆಯ ಹಾಗೆ. ಒಂದು ಮರಕ್ಕೆ ಇಷ್ಟು ಹೊಟ್ಟೆಯುರಿಯೇ ಎಂದು ನನಗೂ ಹಟ ಬಂದು, ಅದೇ ಮರಕ್ಕೆ ಮತ್ತೆ ಅಟ್ಟಣೆ ಕಟ್ಟಿದ್ದೆ.

ಎರಡು ಗಂಟೆ ಕೂಗಿದೆ. ಗಂಟಲು ಬಿದ್ದುಹೋಯಿತು. ಉಚ್ಚೆ ತಡೆಯಲಾರದೆ ಮೇಲಿಂದಲೇ ಹೊಯ್ದೆ. ಬೇಟೆಗೆ ಕೂರುವ ಮರದ ಬುಡಕ್ಕೆ ಯಾವ ಮುಟ್ಠಾಳನೂ ಮಾಡದ ಕೆಲಸ ಅದು; ಆ ವಾಸನೆಗೆ ಜಿಂಕೆ ಹತ್ತಿರ ಸುಳಿಯುವುದಿಲ್ಲ. ಆಮೇಲೆ ಜೋಳದ ಹೊಲದ ಅಂಚಿನಿಂದ ಆರ್ಡಿಸ್ ಬಂದಳು, ಕೈಯಲ್ಲಿ ಕಾಫಿ ಲೋಟ.

"ಹಸು ಕರು ಹಾಕ್ತಿದೆ ಅಂದ್ಕೊಂಡಿದ್ದೆ ಕಣೋ ವರ್ಲಿನ್. ನೀನಾ?"

"ಎರಡು ಗಂಟೆಯಿಂದ ಬಡ್ಕೋತಿದೀನಿ! ಕೇಳಿಸ್ತಿರ್ಲಿಲ್ವಾ?"

"ಕೇಳಿಸ್ತಿತ್ತು. ಕಾಫಿ ಬಿಸಿ ಇತ್ತು."

"ಏಣಿ ಇಡಕ್ಕಾ."

"ಯಾರ ಮರ ಅದು?"

"ನಿಂದೇ ತಾಯಿ. ಎಲೆ, ಕಾಯಿ, ಅಳಿಲು ಸಮೇತ ನಿಂದೇ. ಈಗ ಇಡು."

ಅವಳು ನಕ್ಕಳು. ಹತ್ತು ತಿಂಗಳಾಗಿತ್ತು ಆ ನಗು ಕೇಳಿ. ನನಗೂ ನಗು ಬಂತು. ಲೋಟ ಕೆಳಗಿಟ್ಟು ಏಣಿಯ ಒಂದು ತುದಿ ಎತ್ತಿದಳು. ಅಷ್ಟರಲ್ಲಿ ಕಣ್ಣು ಗುರಿಯ ಕಡೆ ಹೋಯಿತು. ಕಸುಬಿನ ಕಣ್ಣು, ಸುಮ್ಮನಿರುವುದಿಲ್ಲ. ಏಣಿ ಬಿಟ್ಟು ನಡೆದುಹೋಗಿ ಬಾಣಗಳ ನಡುವೆ ಕೈಯಿಟ್ಟು ಅಳೆದಳು.

"ಅಲಗು ನಾಲ್ಕು ಬೆರಳು ಎಡಕ್ಕೆ ಬಿದ್ದಿದೆ," ಎಂದಳು ಅಲ್ಲಿಂದಲೇ.

"ಗೊತ್ತು. ಬಿಲ್ಲಿನ ಮೇಲೆ ಗುರಿ ನೋಡೋ ಪಿನ್ನು ಸ್ವಲ್ಪ ಸರಿಸಿದ್ರಾಯ್ತು."

"ಪಿನ್ನು ಸರಿಸ್ತಾನಂತೆ! ಜ್ವರ ಬಂದ್ರೆ ಥರ್ಮಾಮೀಟರ್ ಒಡೆದು ಹಾಕ್ತೀಯೇನೋ? ಹೋದ ವರ್ಷಾನೂ ಬಿಲ್ಲು ಹೀಗೇ ಇತ್ತಾ?"

"ಇಲ್ಲಪ್ಪ."

"ಅಲಗು ಹಾಕಿ ಪರೀಕ್ಷೆ ಮಾಡಿದ್ಯಾ ಆಗ?"

"ಮಾಡಿದ್ದೆ."

ಮಾಡಿರಲಿಲ್ಲ. ಸಾದಾ ಮೊನೆ ನಡುವೆ ಬೀಳುತ್ತಿದೆಯಲ್ಲ, ಸಾಕು ಎಂದು ಕಾಡಿಗೆ ಹೋಗಿದ್ದೆ.

ಅವಳು ತಿರುಗಿ ಬಂದು ಮರದ ಕೆಳಗೆ ನಿಂತಳು. "ನವೆಂಬರ್‌ನಲ್ಲಿ ಆ ದೊಡ್ಡ ಕೊಂಬಿನ ಜಿಂಕೆಗೆ ಬಿಟ್ಯಲ್ಲ. ಏನಾಯ್ತು ಅದು?"

"ತಪ್ಪೋಯ್ತು. ಊರಿಗೆಲ್ಲ ಹೇಳಿದೀನಲ್ಲ. ಒಂದು ಕೂದಲೂ ಸೋಕ್ಲಿಲ್ಲ."

"ಸರಿ," ಎಂದಳು. ಬಿದ್ದಿದ್ದ ಏಣಿಯ ಮೇಲೆ ಕೂತು ಕಾಫಿ ಲೋಟ ಕೈಗೆ ತೆಗೆದುಕೊಂಡಳು. "ಕೂತಿರು ಹಾಗಾದ್ರೆ."

"ಏನು ಹುಡುಗಾಟಾನೇ ಇದು? ನನಗೆ ಮಂಡಿ ನೋವು. ಶೆರೀಫ್‌ಗೆ ಹೇಳ್ತೀನಿ ನೋಡು!"

"ಹೇಳಪ್ಪ. ಫೋನ್ ಎಲ್ಲಿದೆ?"

ಬಾಯಿಗೆ ಬಂದ ಹಾಗೆ ಬೈದೆ. ಸತ್ತ ಅಪ್ಪನನ್ನೂ ಎಳೆದು ತಂದೆ. ಅವಳು ಮರದಾಚೆಯ ಜೌಗುನೆಲದ ಕಡೆ ನೋಡುತ್ತ ಕೂತಿದ್ದಳು. ಕಾಲ ಕೆಳಗೆ ಎರಡಡಿ ತಗಡು, ಬೆನ್ನಿಗೆ ಮರ, ಎದೆಯ ಮೇಲೆ ಪಟ್ಟಿ. ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಊರಲ್ಲಾಗಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ, ಇನ್ನೊಬ್ಬನ ಜೊತೆ ಬಿಯರ್ ಕುಡಿಯುತ್ತಿದ್ದೆ. ಇವಳು ಕೇಳುತ್ತಿರುವುದು ಮರದ ವಿಷಯವಲ್ಲ ಎಂದು ಆಗ ಗೊತ್ತಾಯಿತು. ಅವಳಿಗೆ ಗೊತ್ತಿದೆ. ನಾನು ಹೇಳುವವರೆಗೂ ಏಳುವವಳಲ್ಲ.

"ಹೊಟ್ಟೆಗೆ ಬಿತ್ತಕ್ಕ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳು."

"ಹೊಟ್ಟೆಗೆ ಬಿತ್ತು! ಭಾನುವಾರ ಬೆಳಿಗ್ಗೆ ಎಂಟಕ್ಕೆ. ಆ ಡಬ್ ಅನ್ನೋ ಸದ್ದು ಕೇಳಿಸ್ತು. ಭುಜದ ಹಿಂದಕ್ಕೇ ಗುರಿ ಇಟ್ಟಿದ್ದೆ ಕಣೆ, ದೇವರಾಣೆ. ರಕ್ತ ಹಿಡ್ಕೊಂಡು ಜೌಗಿನವರೆಗೂ ಹೋದೆ."

"ಆಮೇಲೆ?"

"ಹನ್ನೆರಡಾಯ್ತು."

"ಆಮೇಲೆ?"

"ಟೀವೀಲಿ ಫುಟ್ಬಾಲ್ ಮ್ಯಾಚ್ ಇತ್ತು. ಮನೆಗೆ ಹೋದೆ."

ಆ ದಿನ ಸೋಫಾದ ಮೇಲೆ ಕೂತು ಆಲೂ ಚಿಪ್ಸ್ ತಿಂದದ್ದು ನೆನಪಿದೆ, ಯಾರು ಗೆದ್ದರೆಂದು ನೆನಪಿಲ್ಲ. ಎಲ್ಲೋ ಮಲಗಿ ಬೇಗ ಸತ್ತಿರುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಕ್ರಿಸ್‌ಮಸ್ ಬರುವಷ್ಟರಲ್ಲಿ ನನ್ನ ಮಾತಿನಲ್ಲಿ ಬಾಣ ಬರೀ ಗೀರಿ ಹೋಗಿತ್ತು. ಈಸ್ಟರ್ ಹೊತ್ತಿಗೆ ತಪ್ಪಿಯೇ ಹೋಗಿತ್ತು.

"ಸೋಮವಾರ ಬೆಳಿಗ್ಗೆ ನಾಯಿ ಕರ್ಕೊಂಡು ಬೇಲಿ ನೋಡೋಕೆ ಹೋಗಿದ್ದೆ," ಎಂದಳು ಅಕ್ಕ. "ನಾಯಿ ಜೌಗಿಗೆ ಎಳೀತು. ಪೊದೆ ಒಳಗೆ ಬಾಣ ಬಿದ್ದಿತ್ತು. ಹಳದಿ ಗರಿ, ನಿನ್ನ ಅಕ್ಷರದಲ್ಲಿ ನಿನ್ನ ಹೆಸರು. ಅಲ್ಲಿಂದ ಹತ್ತು ಹೆಜ್ಜೆ ಆಚೆ ಅದು ಮಲಗಿತ್ತು."

"ಸತ್ತಿತ್ತಲ್ವಾ?"

ಅವಳು ಲೋಟವನ್ನು ಕೈಯಲ್ಲೇ ತಿರುಗಿಸಿದಳು.

"ಸತ್ತಿತ್ತಲ್ವಾ ಅಕ್ಕ?"

"ಇಲ್ಲ ಕಣೋ. ನನ್ನ ನೋಡಿ ಏಳಕ್ಕೆ ಹೋಯ್ತು. ಬಿಲ್ಲು ಒಯ್ದಿರ್ಲಿಲ್ಲ ನಾನು. ಚಾಕು ಇತ್ತು, ಅಷ್ಟೇ. ಕುತ್ತಿಗೆ ಮೇಲೆ ಮಂಡಿ ಊರಿ ಮುಗಿಸ್ದೆ. ನಾಯಿ ಕೂಡ ದೂರ ಹೋಗಿ ಕೂತಿತ್ತು."

ಲೋಟದಲ್ಲಿ ಉಳಿದ ಕಾಫಿಯನ್ನು ಅವಳು ಹುಲ್ಲಿಗೆ ಚೆಲ್ಲಿದಳು.

"ಮರಕ್ಕೋಸ್ಕರ ಮಾತು ಬಿಟ್ಟೆ ಅಂದ್ಕೊಂಡ್ಯಾ? ಮರ ನೀನೇ ಇಟ್ಕೊ, ಯಾವನಿಗೆ ಬೇಕು."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳೋದು ನಿನ್ನ ಕೆಲಸ ಆಗಿತ್ತು. ಪ್ರತಿ ಭಾನುವಾರ ಕಾದೆ."

ಎದ್ದು ಏಣಿಯನ್ನು ಮರಕ್ಕೆ ಒರಗಿಸಿ, ಅದರ ಬುಡಕ್ಕೆ ಬೂಟಿಟ್ಟು ಎರಡೂ ಕೈಯಲ್ಲಿ ಹಿಡಿದಳು. "ಇಳಿ. ಬಿಲ್ಲು ಕೊಡು, ಶುಕ್ರವಾರದೊಳಗೆ ಹದ ಮಾಡಿಕೊಡ್ತೀನಿ. ಶನಿವಾರಕ್ಕೆ ಆಗತ್ತೆ."

ಬಿಲ್ಲನ್ನು ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದೆ. ಅವಳು ಗಂಟು ಬಿಚ್ಚಿ ಹೆದೆಯ ಮೇಲೆ ಬೆರಳಾಡಿಸಿ, ತಲೆ ಕೊಡವಿದಳು.

"ನಿನ್ನ ಹತ್ರಾನೇ ಇರ್ಲಿ," ಅಂದೆ. "ಈ ವರ್ಷ ಬೇಡ ನನಗೆ."

"ನಾಟಕ ಆಡ್ಬೇಡ."

"ನಾಟಕ ಅಲ್ಲಕ್ಕ. ನೀನು ಮನೆಗೆ ಹೋಗು. ನಾನು ಆಮೇಲೆ ಇಳೀತೀನಿ."

ಪಟ್ಟಿಯ ಕೊಕ್ಕೆಗೆ ಕೈ ಹಾಕಿದೆ, ಬೆರಳು ಆಡಲಿಲ್ಲ. ಮೇಲಿಂದ ಜೌಗು ಪೂರ್ತಿ ಕಾಣುತ್ತಿತ್ತು, ಮುಖ ಎತ್ತ ತಿರುಗಿಸಿದರೂ ಅದೇ ಕಾಣುತ್ತಿತ್ತು. ಆರ್ಡಿಸ್ ಬಿಲ್ಲನ್ನು ಹುಲ್ಲಿನ ಮೇಲಿಟ್ಟು ಮತ್ತೆ ಏಣಿ ಹಿಡಿದುಕೊಂಡಳು. ಅವಳು ಹೋಗಲಿಲ್ಲ.