ಐದು ಸಾವಿರ ಅಡಿಯಲ್ಲಿ ಸೋದರಮಾವ

ಸುಂಬಾ ದ್ವೀಪದ ಆ ಪುಟ್ಟ ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ರಂಬು ಕಾಹಿ ಹನ್ನೊಂದು ವರ್ಷಗಳಿಂದ ವಿಮಾನಗಳನ್ನು ಏರಿಸಿ ಇಳಿಸುತ್ತಿದ್ದಳು. ಅಲ್ಲಿ ರಾಡಾರ್ ಇರಲಿಲ್ಲ. ಪೈಲಟ್ ರೇಡಿಯೋದಲ್ಲಿ ಎಲ್ಲಿದ್ದೇನೆ ಅನ್ನುತ್ತಾನೋ ಅಲ್ಲಿದ್ದಾನೆ ಎಂದು ನಂಬಬೇಕು. ಅದಕ್ಕೇ ಅವಳು ಹೇಳಿದ್ದನ್ನು ಪೈಲಟ್‌ಗಳು ವಿಮಾನದ ಸಂಖ್ಯೆ ಸಮೇತ ಅಕ್ಷರ ಬಿಡದೆ ತಿರುಗಿ ಹೇಳಬೇಕಿತ್ತು. ಜಕಾರ್ತಾದಿಂದ ಬರುವ ದೊಡ್ಡ ದೊಡ್ಡ ಕ್ಯಾಪ್ಟನ್‌ಗಳನ್ನೂ ಅವಳು ಬಿಟ್ಟವಳಲ್ಲ.

ಬಿಟ್ಟಿದ್ದು ಒಬ್ಬನನ್ನೇ. ಕ್ಯಾಪ್ಟನ್ ಉಂಬು ಲಾಂಡು ಅವಳ ಸ್ವಂತ ಸೋದರಮಾವ.

“ಎರಡು-ಒಂದು-ಐದು, ನಾಲ್ಕು ಸಾವಿರ ಅಡಿಗೆ ಏರಿ” ಎಂದರೆ ಅವನ ಉತ್ತರ, “ಆಯ್ತು ಕೂಸೇ.”

“ಮಾವ, ತಿರುಗಿ ಹೇಳಿ.”

“ಯಾಕೆ, ನಂಗೆ ಕಿವಿ ಕೇಳಲ್ಲ ಅಂದ್ಕೊಂಡ್ಯಾ? ನಿಂಗೆ ಮಾತು ಕಲಿಸಿದ್ದೇ ನಾನು ಕಣೇ. ಮೂರು ವರ್ಷ ಆದ್ರೂ ಕುದುರೆ ಅನ್ನೋಕೆ ಬರ್ದೆ ‘ಕುಯ್ಯೆ, ಕುಯ್ಯೆ’ ಅಂತಿದ್ದೆ!”

ಆ ಹೊತ್ತಿಗೆ ಆಕಾಶದಲ್ಲಿದ್ದವರೆಲ್ಲ ಇದನ್ನು ಕೇಳಿಸಿಕೊಂಡು ನಗುತ್ತಿದ್ದರು. ಹೆಚ್ಚು ಜಗ್ಗಾಡಿದರೆ ಸಂಜೆ ಅಮ್ಮನ ಫೋನು ಬರುವುದು ಖಂಡಿತ. ಅವರ ಮನೆತನದಲ್ಲಿ ಮದುವೆಯಿರಲಿ ಸಾವಿರಲಿ, ತಾಯಿಯ ಅಣ್ಣನ ಮಾತಿಗೆ ಎದುರಿಲ್ಲ. ಕೊನೆಗೆ ರಂಬು ಕೇಳುವುದನ್ನೇ ಬಿಟ್ಟಳು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಮಾವ ಒಂಬತ್ತು ಜನರನ್ನು ಕೂರಿಸಿಕೊಂಡು ಫ್ಲೋರೆಸ್ ದ್ವೀಪದ ಕಡೆಗೆ ಹೊರಟ. ಅವನಿದ್ದದ್ದು ನಾಲ್ಕು ಸಾವಿರ ಅಡಿಯಲ್ಲಿ. ಅದೇ ದಾರಿಯಲ್ಲಿ ಎದುರಿನಿಂದ, ಆರು ಸಾವಿರ ಅಡಿಯಲ್ಲಿ, ಮನಾಡೋ ಊರಿನ ಹುಡುಗಿ ಕ್ಯಾಪ್ಟನ್ ಮೈಸ್ಕೆ ರುಮೆಂಗನ್ ಬರುತ್ತಿದ್ದಳು. ಅವಳ ವಿಮಾನದ ಸಂಖ್ಯೆ ಎರಡು-ಐದು-ಒಂದು.

ಮೈಸ್ಕೆಯನ್ನು ಸಾವಿರ ಅಡಿ ಕೆಳಗಿಳಿಸಬೇಕಿತ್ತು. ಅಷ್ಟರಲ್ಲಿ ಹವಾಮಾನದವರ ಫೋನು ಹೊಡೆದುಕೊಳ್ಳತೊಡಗಿತು. ರಂಬು ಅವಸರದಲ್ಲಿ, “ಎರಡು-ಐದು-ಒಂದು, ಐದು ಸಾವಿರ” ಎಂದು ಫೋನಿಗೆ ಕೈ ಚಾಚಿದಳು.

ರೇಡಿಯೋ ‘ಕೀಂಯ್’ ಎಂದು ಚೀರಿತು. ಇಬ್ಬರು ಒಟ್ಟಿಗೇ ಮಾತಾಡಿದರೆ ಅದು ಹಾಗೇ ಚೀರುತ್ತದೆ. ಮಾತಾಡಿದವರಲ್ಲಿ ಒಬ್ಬರದು ಇನ್ನೊಬ್ಬರಿಗೆ ಕೇಳುವುದಿಲ್ಲ, ಟವರಿಗೆ ಇಬ್ಬರದೂ ಕೇಳುವುದಿಲ್ಲ. ಇದು ರಂಬುಗೆ ಗೊತ್ತಿಲ್ಲದ್ದಲ್ಲ. ಆದರೂ ಮೈಸ್ಕೆ ಅಚ್ಚುಕಟ್ಟಿನ ಹುಡುಗಿ, ಹೇಳಿಯೇ ಇರುತ್ತಾಳೆ ಎಂದುಕೊಂಡು ಮುಂದಿದ್ದ ಚೀಟಿಯಲ್ಲಿ ಐದು ಸಾವಿರ ಎಂದು ಬರೆದು ಫೋನೆತ್ತಿದಳು.

ಎರಡು ನಿಮಿಷ ಕಳೆದಿರಬಹುದು. ಮಾವನಿಗೆ ಸುಮ್ಮನಿರಲಾಗಲಿಲ್ಲ.

“ಕೂಸೇ, ಒಳ್ಳೆ ಕೆಲಸ ಮಾಡ್ದೆ ನೋಡು. ಕೆಳಗೆ ಬರೀ ಕುಲುಕಾಟ ಇತ್ತು. ಐದು ಸಾವಿರದಲ್ಲಿ ತೊಟ್ಟಿಲಲ್ಲಿ ಮಲಗಿದ ಹಾಗಿದೆ. ಸುತ್ತ ಮೋಡ, ಏನೂ ಕಾಣಲ್ಲ, ಆದ್ರೆ ಸುಖವಾಗಿದೆ.”

ರಂಬುವಿನ ಕೈಯಿಂದ ಫೋನು ಜಾರಿತು.

“ಇಬ್ಬರೂ ಬಲಕ್ಕೆ ತಿರುಗಿ! ಎರಡು-ಒಂದು-ಐದು ಬಲಕ್ಕೆ, ಎರಡು-ಐದು-ಒಂದು ಬಲಕ್ಕೆ! ಈಗಲೇ! ಮಾವ, ತಿರುಗ್ಸೋ!”

ಹುಟ್ಟಿದಾಗಿನಿಂದ ಅವಳು ಮಾವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಮಾವ ಎದುರು ಮಾತಾಡದೆ ತಿರುಗಿಸಿದ.

ಅರ್ಧ ಗಂಟೆಯ ಮೇಲೆ ಮೈಸ್ಕೆ ಟವರಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದಳು.

“ಅಕ್ಕಾ, ನಿಮ್ಮ ಮಾವನ ವಿಮಾನದ ಮೂರನೇ ಕಿಟಕಿಯಲ್ಲಿ ಒಬ್ಬ ಬಾಳೆಹಣ್ಣು ಸುಲೀತಿದ್ದ. ಸುಲಿದಿದ್ದು ಅರ್ಧ! ಅಷ್ಟು ಹತ್ತಿರ! ಕೈ ಚಾಚಿದ್ರೆ ಇನ್ನರ್ಧ ನಾನೇ ಸುಲಿದು ಕೊಡಬಹುದಿತ್ತು.”

ರಂಬು ನಗಲು ಹೋಗಿ ಅತ್ತುಬಿಟ್ಟಳು.

ಸಂಜೆ ಮಾವ ಫ್ಲೋರೆಸ್‌ನಿಂದ ಮರಳಿ, ಅಡಿಕೆ ವೀಳ್ಯದ ಬುಟ್ಟಿ ಹಿಡಿದು ಟವರಿಗೆ ಬಂದ. ಮೆತ್ತಗೆ ಕೂತು, “ಮನೆ ಮಾತು ಮನೇಲೇ ಇರ್ಲಿ. ವರದಿ ಗಿರದಿ ಯಾಕೆ?” ಎಂದ. ಅಷ್ಟರಲ್ಲಿ ಅಮ್ಮನ ಫೋನೂ ಬಂತು: “ನನ್ನಣ್ಣನ ಮೇಲೆ ದೂರು ಬರೀತೀಯಂತೆ? ಎತ್ತಿ ಆಡಿಸಿದ ಕೈ ಅದು!”

ರಂಬು ಫೋನಿಟ್ಟು ರೇಡಿಯೋದ ಧ್ವನಿಮುದ್ರಣ ಹಾಕಿದಳು. ಮೊದಲು ಕೇಳಿಸಿದ್ದು ಅವಳದೇ ದನಿ: “ಎರಡು-ಐದು-ಒಂದು, ಐದು ಸಾವಿರ.”

ಮಾವ ಕುರ್ಚಿಯಿಂದ ಎದ್ದೇ ಬಿಟ್ಟ. “ಇಳಿ ಅಂತ ಎಲ್ಲಿ ಹೇಳಿದೀಯೇ? ಇಳಿ ಅಂದಿದ್ರೆ ನಾನು ಏರ್ತಿದ್ನಾ? ತಪ್ಪು ನಿಂದೇ!”

“ಹೌದು, ನಂದೇ. ಆ ಚೀರಾಟ ಕೇಳಿಯೂ ಮತ್ತೆ ಕೇಳಲಿಲ್ಲ, ಅದೂ ನಂದೇ. ವರದಿಯ ಮೊದಲ ಸಾಲೇ ಅದು. ಮಾವ, ನಿಮ್ಮ ವಿಮಾನದ ಸಂಖ್ಯೆ ಏನು?”

“ಎರಡು-ಒಂದು...” ಎಂದವನು ಅಲ್ಲೇ ನಿಂತ. ಧ್ವನಿಮುದ್ರಣವನ್ನು ಮತ್ತೊಮ್ಮೆ ಹಾಕಿಸಿ ಕೇಳಿದ. ಆಮೇಲೆ ಬುಟ್ಟಿಯಿಂದ ಅಡಿಕೆ ತೆಗೆದು ಒಬ್ಬನೇ ಅಗಿಯುತ್ತ ಕೂತ. “ಎರಡನೇ ಸಾಲಲ್ಲಿ ನನ್ನ ಹೆಸರು ಹಾಕು. ಪೂರ್ತಿ ಹೆಸರು, ಕಾಗುಣಿತ ತಪ್ಪಬೇಡ” ಎಂದ.

ವರದಿ ಮೇಲಕ್ಕೆ ಹೋಯಿತು; ಕುಪಾಂಗ್ ಪಟ್ಟಣದಲ್ಲಿ ಇಬ್ಬರಿಗೂ ಒಂದು ವಾರದ ಪಾಠ ನಿಗದಿಯಾಯಿತು. ಒಂದೇ ಬೆಂಚು. ಮೂರನೆಯ ದಿನ ಮೇಷ್ಟ್ರು ಪಾತ್ರ ಅದಲುಬದಲು ಮಾಡಿಸಿದರು; ಮಾವ ಟವರು, ರಂಬು ಪೈಲಟ್.

“ಒಂಬತ್ತು-ಸೊನ್ನೆ-ಮೂರು, ಆರು ಸಾವಿರ ಅಡಿಗೆ ಏರಿ” ಎಂದು ಮಾವ ಗಂಭೀರವಾಗಿ ಹೇಳಿದ.

ರಂಬು ಉಗುರು ನೋಡಿಕೊಳ್ಳುತ್ತ, “ಆಯ್ತು ಕೂಸೇ” ಎಂದಳು.

ಮಾವ ಮೇಜು ಗುದ್ದಿದ. “ಮೇಷ್ಟ್ರೇ, ಈ ಪೈಲಟನ್ನ ಮೊದಲು ಕೆಳಗಿಳಿಸಿ! ಏನ್ ಕೇಳಿಸ್ಕೊಂಡ್ಳು ಅಂತ ನಂಗೆ ಹ್ಯಾಗ್ರೀ ಗೊತ್ತಾಗಬೇಕು?” ತರಗತಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನಗದೆ ಇದ್ದವನು ಅವನೊಬ್ಬನೇ. ಆ ರಾತ್ರಿ ಕಡಲ ದಂಡೆಯಲ್ಲಿ ಸುಟ್ಟ ಮೀನು ತಿನ್ನುವಾಗ ಮುಳ್ಳು ಬಿಡಿಸುತ್ತ, “ಒಂಬತ್ತು ಜನ ಇದ್ರು ಕಣೇ” ಎಂದಷ್ಟೇ ಹೇಳಿದ.

ವಾರ ಮುಗಿಸಿ ಊರಿಗೆ ಹೊರಟಾಗ ವಿಮಾನ ಮೈಸ್ಕೆಯದೇ. ಪ್ರಯಾಣಿಕರಿಗೆ ನಮಸ್ಕಾರ ಹೇಳುತ್ತ ಅವಳು, “ಇವತ್ತು ನಮ್ಮ ಜೊತೆ ಇಬ್ಬರು ತುಂಬಾ ಹತ್ತಿರದವರು ಇದ್ದಾರೆ. ಒಬ್ಬರಂತೂ ತೀರಾ ಹತ್ತಿರ ಬಂದಿದ್ದರು” ಎಂದಳು. ಮಾವ ಟವೆಲಿನಿಂದ ಮುಖ ಮುಚ್ಚಿಕೊಂಡ.

ಸುಂಬಾದ ಹುಲ್ಲುಗುಡ್ಡಗಳು ಕಂಡಾಗ ರಂಬು ಕಿಟಕಿಗೆ ಹಣೆ ಒತ್ತಿ ತನ್ನ ಟವರನ್ನು ಹುಡುಕಿದಳು. ಎಷ್ಟು ಹುಡುಕಿದರೂ ಸಿಗಲಿಲ್ಲ. ಮಾವ ಟವೆಲು ಸರಿಸಿ, ಅವಳ ತಲೆಯ ಮೇಲಿನಿಂದ ಬಗ್ಗಿ ಬೆರಳು ತೋರಿಸಿದ. “ಅಲ್ಲಿ ನೋಡು, ಆ ಬಿಳೀ ಚುಕ್ಕೆ.”